ಹಣ ಕಟ್ಟಿ, ಆದರೆ ಒಪ್ಪಬೇಡಿ: ‘ಅಂಡರ್ ಪ್ರೊಟೆಸ್ಟ್’ ಎಂದು ಬರೆಯುವುದು ಹೇಗೆ, ಎಲ್ಲಿ, ಬರೆದ ಮೇಲೆ ಏನು

ಪ್ರೊಟೆಸ್ಟ್ ಅಂದ ಕೂಡಲೇ ನಮಗೆ ನೆನಪಾಗುವುದು ಬೆಂಗಳೂರಿನ ಫ್ರೀಡಂ ಪಾರ್ಕ್, ಧರಣಿ, ಘೋಷಣೆ, ತೋಳಿಗೆ ಕಪ್ಪು ಪಟ್ಟಿ. ಕಚೇರಿಯ ಕಾಗದಪತ್ರದಲ್ಲಿ ಇದೇ ಪದ ಬೇರೆಯದೇ ಕೆಲಸ ಮಾಡುತ್ತದೆ. ಅಲ್ಲಿ ಯಾರೂ ಕೂಗುವುದಿಲ್ಲ. ಸಹಿಯ ಪಕ್ಕದಲ್ಲಿ ಎರಡೇ ಪದ ಬರೆಯುತ್ತಾರೆ: ‘ಅಂಡರ್ ಪ್ರೊಟೆಸ್ಟ್’. ವಕೀಲರಿಗೆ, ತೆರಿಗೆ ಸಲಹೆಗಾರರಿಗೆ, ಗುತ್ತಿಗೆದಾರರಿಗೆ ಇದು ದಿನಬಳಕೆಯ ಮಾತು. ಕರೆಂಟ್ ಬಿಲ್ ಕಟ್ಟುವ ಅಂಗಡಿಯವರಿಗೆ, ರಸ್ತೆಗೆ ಜಮೀನು ಕಳೆದುಕೊಳ್ಳುವ ರೈತರಿಗೆ ಇದು ಅವರಿಗಿಂತ ಜಾಸ್ತಿ ಬೇಕಾದ ಮಾತು. ಆದರೆ ಅವರಿಗೆ ಯಾರೂ ಹೇಳಿಕೊಡುವುದಿಲ್ಲ.

ಅರ್ಥ ಇಷ್ಟೇ: “ಈ ಹಣ ಕಟ್ಟುತ್ತಿದ್ದೇನೆ, ಅಥವಾ ತೆಗೆದುಕೊಳ್ಳುತ್ತಿದ್ದೇನೆ. ಆದರೆ ನೀವು ಹಾಕಿರುವ ಲೆಕ್ಕ ನನಗೆ ಒಪ್ಪಿಗೆಯಿಲ್ಲ. ಮುಂದೆ ಅದನ್ನು ಪ್ರಶ್ನಿಸುವ ಹಕ್ಕನ್ನು ನಾನು ಬಿಟ್ಟುಕೊಟ್ಟಿಲ್ಲ.”

ಪ್ರೊಟೆಸ್ಟ್ ಪದದ ಬೇರು ಲ್ಯಾಟಿನ್‌ನಲ್ಲಿದೆ. ಅದರೊಳಗಿರುವ ‘ಟೆಸ್ಟಿಸ್’ ಅಂದರೆ ಸಾಕ್ಷಿ. ನಾಲ್ಕು ಜನರ ಮುಂದೆ ಸಾರಿ ಹೇಳಿ ದಾಖಲಿಸುವುದು ಅದರ ಹಳೆಯ ಅರ್ಥ. ಹಡಗಿನವರು ಇವತ್ತಿಗೂ ಅದೇ ಅರ್ಥದಲ್ಲಿ ಬಳಸುತ್ತಾರೆ. ಬಿರುಗಾಳಿಗೆ ಸಿಕ್ಕಿ ಸರಕು ಹಾಳಾಗಿರಬಹುದು ಅನಿಸಿದರೆ, ಕ್ಯಾಪ್ಟನ್ ಬಂದರು ತಲುಪಿದ ಕೂಡಲೇ ನೋಟರಿ ಮುಂದೆ ‘ನೋಟ್ ಆಫ್ ಪ್ರೊಟೆಸ್ಟ್’ ಬರೆಸುತ್ತಾನೆ. ಅವನು ಯಾರ ವಿರುದ್ಧವೂ ಗಲಾಟೆ ಮಾಡುತ್ತಿಲ್ಲ. ನಡೆದದ್ದು ಹೀಗೆ, ತಪ್ಪು ನಮ್ಮದಲ್ಲ ಅಂತ ಮೊದಲೇ ದಾಖಲೆ ಮಾಡಿಡುತ್ತಾನೆ, ಅಷ್ಟೇ. ನಮ್ಮ 1952ರ ನೋಟರಿ ಕಾಯ್ದೆಯ 8ನೇ ಕಲಮಿನಲ್ಲಿ ನೋಟರಿಗಳ ಕೆಲಸಗಳ ಪಟ್ಟಿಯೊಳಗೆ ಹಡಗಿನ ಪ್ರೊಟೆಸ್ಟ್ ಕೂಡ ಇದೆ.

ಸಹಿಯ ಪಕ್ಕದ ‘ಅಂಡರ್ ಪ್ರೊಟೆಸ್ಟ್’ ಕೂಡ ಇದೇ ಜಾತಿಯದು. ಅದು ಸಿಟ್ಟಿನ ಮಾತಲ್ಲ, ದಾಖಲೆಯ ಮಾತು. ಹಾಗಾಗಿ ಬರೆಯುವಾಗ ಸಂಕೋಚ ಬೇಡ. ಎದುರು ಕೂತವರು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಹಿಂದಿರುವ ಕಾನೂನು

ಒಮ್ಮೆ ಕಟ್ಟಿದ ಹಣವನ್ನು ವಾಪಸ್ ಕೇಳಲು ಆಗುತ್ತದಾ? ಆಗುತ್ತದೆ. 1872ರ ಗುತ್ತಿಗೆ ಕಾಯ್ದೆ, ಅಂದರೆ ಕಾಂಟ್ರಾಕ್ಟ್ ಆಕ್ಟ್‌ನ 72ನೇ ಕಲಮು ಓದಿ ನೋಡಿ. ತಪ್ಪು ತಿಳಿವಳಿಕೆಯಿಂದಲೋ ಬಲವಂತಕ್ಕೋ ಕೊಟ್ಟ ಹಣವನ್ನು ಪಡೆದವರು ಹಿಂದಿರುಗಿಸಬೇಕು ಅನ್ನುತ್ತದೆ ಅದು. ಕಲಮಿನ ಕೆಳಗೇ ಒಂದು ಚಂದದ ಉದಾಹರಣೆ ಇದೆ. ರೈಲ್ವೆ ಕಂಪನಿಯೊಂದು ಅಕ್ರಮ ಶುಲ್ಕ ಕಟ್ಟಿದ ಹೊರತು ಸರಕು ಕೊಡುವುದಿಲ್ಲ ಅನ್ನುತ್ತದೆ. ಸರಕಿನ ಯಜಮಾನ ಬೇರೆ ದಾರಿ ಕಾಣದೆ ಕಟ್ಟಿ ಬಿಡಿಸಿಕೊಳ್ಳುತ್ತಾನೆ. ಕಾನೂನು ಮೀರಿ ಎಷ್ಟು ವಸೂಲಿ ಮಾಡಿದ್ದರೋ ಅಷ್ಟನ್ನು ಅವನು ಹಿಂದಕ್ಕೆ ಪಡೆಯಬಹುದು.

ಕಷ್ಟ ಇರುವುದು ಸಾಬೀತು ಮಾಡುವುದರಲ್ಲಿ. ಎರಡು ವರ್ಷ ಬಿಟ್ಟು ಕೋರ್ಟಿಗೆ ಹೋಗಿ “ಮನಸ್ಸಿಲ್ಲದೆ ಕಟ್ಟಿದೆ” ಅಂದರೆ, “ಮತ್ತೆ ಅವತ್ತೇಕೆ ಸುಮ್ನೆ ಇದ್ದಿರಿ?” ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅವತ್ತೇ ಬರೆದ ಎರಡು ಪದ ಆ ಪ್ರಶ್ನೆಗೆ ಉತ್ತರ.

ಹೆಜ್ಜೆ 1: ಕಟ್ಟಲೇಬೇಕಾ ಅಂತ ಮೊದಲು ನೋಡಿ

ಕಟ್ಟದೇ ಇರಲು ಸಾಧ್ಯವಿದ್ದರೆ ಕಟ್ಟಬೇಡಿ. ಆಕ್ಷೇಪಣೆ ಬರೆದುಕೊಡಿ, ಉತ್ತರ ಬರಲಿ. ಕಟ್ಟದಿದ್ದರೆ ಕೂಡಲೇ ಏನಾದರೂ ಕೈತಪ್ಪುತ್ತದೆ ಅನ್ನುವಾಗ ಮಾತ್ರ ಅಂಡರ್ ಪ್ರೊಟೆಸ್ಟ್ ದಾರಿ ಹಿಡಿಯಿರಿ. ಕರೆಂಟ್ ಹೋಗುತ್ತದೆ, ಬಂದರಿನಲ್ಲಿ ಸರಕು ನಿಲ್ಲುತ್ತದೆ, ಬಡ್ಡಿ ಬೆಳೆಯುತ್ತದೆ, ದಾಖಲೆ ಸಿಗುವುದಿಲ್ಲ, ಇಂಥವು. ಹಣ ತೆಗೆದುಕೊಳ್ಳುವಾಗಲೂ ಹೀಗೇ ಯೋಚಿಸಿ. ಕೊಡುತ್ತಿರುವುದು ಕಡಿಮೆ, ಆದರೆ ಅಷ್ಟಾದರೂ ಈಗ ಬೇಕು ಅನ್ನುವವರು ತಕರಾರಿನ ಸಮೇತ ತೆಗೆದುಕೊಳ್ಳಬಹುದು.

ಹೆಜ್ಜೆ 2: ಪದಗಳನ್ನು ಸರಿಯಾಗಿ ಬರೆಯಿರಿ

ಇಂಗ್ಲಿಷಿನಲ್ಲಿ ಬರೆಯುವವರು ಎಡವುವುದು ಇಲ್ಲೇ. ‘ವಿತ್ ಪ್ರೊಟೆಸ್ಟ್’, ‘ಆನ್ ಪ್ರೊಟೆಸ್ಟ್’, ‘ಅಂಡರ್ ಪ್ರೊಟೆಸ್ಟಿಂಗ್’ ಅಂತೆಲ್ಲ ಬರೆಯುತ್ತಾರೆ. ಸರಿಯಾದ ರೂಪ ‘ಅಂಡರ್ ಪ್ರೊಟೆಸ್ಟ್’ ಒಂದೇ. ಅದು ಕ್ರಿಯಾಪದದ ನಂತರ ಬರಬೇಕು: ‘ಪೇಯ್ಡ್ ಅಂಡರ್ ಪ್ರೊಟೆಸ್ಟ್’, ‘ರಿಸೀವ್ಡ್ ಅಂಡರ್ ಪ್ರೊಟೆಸ್ಟ್’, ‘ಸೈನ್ಡ್ ಅಂಡರ್ ಪ್ರೊಟೆಸ್ಟ್’. ಹೇಳುವಾಗ ಒತ್ತು ಮೊದಲ ‘ಪ್ರೊ’ ಮೇಲೆ. ಇಲ್ಲಿ ಅದು ನಾಮಪದ. ಪ್ರತಿಭಟಿಸು ಅನ್ನುವ ಕ್ರಿಯೆಯಾದಾಗ ಒತ್ತು ‘ಟೆಸ್ಟ್’ ಮೇಲೆ ಬೀಳುತ್ತದೆ.

ಇಂಗ್ಲಿಷೇ ಆಗಬೇಕು ಅಂತೇನೂ ಇಲ್ಲ. ಕನ್ನಡದಲ್ಲಿ ‘ಆಕ್ಷೇಪಣೆಗೆ ಒಳಪಟ್ಟು’ ಅಂತ ಬರೆದರೂ ನಡೆಯುತ್ತದೆ, ‘ತಕರಾರಿಗೆ ಒಳಪಟ್ಟು’ ಅಂದರೂ ನಡೆಯುತ್ತದೆ. ನನ್ನ ಸಲಹೆ ಕೇಳಿದರೆ ಎರಡನ್ನೂ ಬರೆಯಿರಿ. ಕಡತ ಮುಂದೆ ಯಾರ ಕೈಗೆ ಹೋಗುತ್ತದೋ ಯಾರಿಗೆ ಗೊತ್ತು?

ಬರೀ ಎರಡು ಪದ ಬರೆದು ಬಿಡುವುದಕ್ಕಿಂತ ಕಾರಣ ಸೇರಿಸಿದರೆ ತೂಕ ಬರುತ್ತದೆ. ಹಣ ಕಟ್ಟುವಾಗ ಹೀಗೆ:

“ಈ ಬಿಲ್ಲಿನ ಮೊತ್ತ ನನಗೆ ಒಪ್ಪಿಗೆಯಿಲ್ಲ. ಸಂಪರ್ಕ ಕಡಿತ ಆಗದಿರಲಿ ಎಂಬ ಒಂದೇ ಕಾರಣಕ್ಕೆ, ಆಕ್ಷೇಪಣೆಗೆ ಒಳಪಟ್ಟು, ಅಂಡರ್ ಪ್ರೊಟೆಸ್ಟ್ ಆಗಿ ಪಾವತಿಸುತ್ತಿದ್ದೇನೆ. ಇದನ್ನು ಪ್ರಶ್ನಿಸುವ ಮತ್ತು ಹಣ ವಾಪಸ್ ಕೇಳುವ ಹಕ್ಕನ್ನು ಕಾಯ್ದಿರಿಸಿಕೊಂಡಿದ್ದೇನೆ.”

ಹಣ ಪಡೆಯುವಾಗ ಹೀಗೆ:

“ಮೊತ್ತ ಸಾಲದು ಎಂಬ ಆಕ್ಷೇಪಣೆಯೊಂದಿಗೆ, ಅಂಡರ್ ಪ್ರೊಟೆಸ್ಟ್ ಆಗಿ ಪಡೆದಿದ್ದೇನೆ. ಹೆಚ್ಚಿನ ಮೊತ್ತ ಕೇಳುವ ಹಕ್ಕನ್ನು ಬಿಟ್ಟುಕೊಟ್ಟಿಲ್ಲ.”

ಸಹಿಗೆ ಮೊದಲು ಇದನ್ನು ಬರೆಯಿರಿ, ಆಮೇಲೆ ಸಹಿ, ಅದರ ಕೆಳಗೆ ತಾರೀಖು. ಸಹಿ ಹಾಕಿದ ಮೇಲೆ ಮೂಲೆಯಲ್ಲಿ ತುರುಕಿದರೆ, ಆಮೇಲೆ ಸೇರಿಸಿದ್ದು ಅಂತ ವಾದ ಹುಟ್ಟುತ್ತದೆ. ಕಚೇರಿ ಪ್ರತಿಯಲ್ಲೂ ನಿಮ್ಮ ಪ್ರತಿಯಲ್ಲೂ ಒಂದೇ ರೀತಿ ಇರಬೇಕು. ನಿಮ್ಮ ಪ್ರತಿಯಲ್ಲಿ ಮಾತ್ರ ಬರೆದುಕೊಂಡರೆ ಅದು ನಿಮ್ಮ ಸಮಾಧಾನಕ್ಕೆ, ಅಷ್ಟೇ.

ಇದರ ಪಕ್ಕದಲ್ಲೇ ಕಾಣುವ ಇನ್ನೊಂದು ಮಾತು ‘ವಿದೌಟ್ ಪ್ರಿಜುಡೀಸ್’. ಎರಡೂ ಒಂದೇ ಅಂದುಕೊಂಡವರು ಜಾಸ್ತಿ. ರಾಜಿ ಮಾತುಕತೆಯ ಪತ್ರದ ತಲೆಯ ಮೇಲೆ ಅದನ್ನು ಬರೆದರೆ, ನಾಳೆ ರಾಜಿ ಮುರಿದುಬಿದ್ದಾಗ ಈ ಪತ್ರವನ್ನು ನನ್ನ ವಿರುದ್ಧ ಬಳಸಬೇಡಿ ಅಂತ ಅರ್ಥ. ಹಣ ಕೈ ಬದಲಾಗುವ ಜಾಗದಲ್ಲಿ ಬೇಕಾದದ್ದು ಅಂಡರ್ ಪ್ರೊಟೆಸ್ಟ್.

ಹೆಜ್ಜೆ 3: ಪತ್ರ ಕೊಟ್ಟು ಸೀಲು ಹಾಕಿಸಿಕೊಳ್ಳಿ

ರಶೀದಿಯಲ್ಲಿ ಬರೆಯಲು ಜಾಗವೇ ಇರುವುದಿಲ್ಲ. ಕೌಂಟರಿನವರು “ಹಾಗೆಲ್ಲ ಬರೆಯೋ ಹಾಗಿಲ್ಲ” ಅನ್ನಲೂಬಹುದು. ಅವರ ಜೊತೆ ಜಗಳಕ್ಕೆ ನಿಲ್ಲಬೇಡಿ. ಒಂದು ಪುಟದ ಪತ್ರ ಎರಡು ಪ್ರತಿ ಮಾಡಿಕೊಂಡು ಹೋಗಿ. ಒಂದನ್ನು ಟಪಾಲು ಶಾಖೆಗೆ ಕೊಡಿ. ಇನ್ನೊಂದರ ಮೇಲೆ ಸೀಲು, ತಾರೀಖು, ಸಹಿ ಹಾಕಿಸಿಕೊಳ್ಳಿ. ಸೀಲು ಹಾಕಲು ಒಪ್ಪದಿದ್ದರೆ ಅದೇ ದಿನ ಅಂಚೆಯಲ್ಲಿ ಕಳುಹಿಸಿ. 2025ರಲ್ಲಿ ರಿಜಿಸ್ಟರ್ಡ್ ಪೋಸ್ಟ್ ಸೇವೆ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಗಿದೆ. ಹಾಗಾಗಿ ಈಗ ಸ್ಪೀಡ್ ಪೋಸ್ಟ್ ಮಾಡಿ, ತಲುಪಿದ್ದಕ್ಕೆ ಪುರಾವೆ ತೆಗೆದಿಟ್ಟುಕೊಳ್ಳಿ.

ಮೊಬೈಲಿನಲ್ಲಿ ಹಣ ಕಟ್ಟುವವರು ಏನು ಮಾಡಬೇಕು? ಯುಪಿಐಯ ಸಣ್ಣ ಟಿಪ್ಪಣಿ ಜಾಗವನ್ನೇ ನಂಬಬೇಡಿ. ಅದು ಎದುರಿನವರ ಲೆಕ್ಕದಲ್ಲಿ ಕಾಣುತ್ತದೆ ಅನ್ನುವ ಖಾತ್ರಿಯಿಲ್ಲ. ಕಟ್ಟುವ ಮೊದಲೇ ಒಂದು ಇಮೇಲ್ ಹಾಕಿ. ಕಟ್ಟಿದ ಮೇಲೆ ಅದೇ ಇಮೇಲಿಗೆ ವಹಿವಾಟಿನ ನಂಬರ್ ಸೇರಿಸಿ ಇನ್ನೊಂದು ಸಾಲು ಬರೆಯಿರಿ.

ಪತ್ರದಲ್ಲಿ ಯಾವ ಬಿಲ್ಲು, ಯಾವ ತಾರೀಖು, ಎಷ್ಟು ಮೊತ್ತ, ಯಾಕೆ ತಪ್ಪು, ಈಗ ಯಾಕೆ ಕಟ್ಟುತ್ತಿದ್ದೇನೆ, ಏನು ಸರಿಮಾಡಬೇಕು, ಇಷ್ಟು ಇರಲಿ. ಬೈಗುಳ ಬೇಡ. ‘ನಿಮ್ಮ ಇಲಾಖೆಯ ಬೇಜವಾಬ್ದಾರಿ’ ಅನ್ನುವ ಸಾಲನ್ನು ಬರೆದು ಹೊಡೆದುಹಾಕಿ.

ಕರೆಂಟ್ ಬಿಲ್ಲು: ಇಲ್ಲಿ ಕಾನೂನೇ ಆ ಪದ ಬಳಸಿದೆ

2003ರ ವಿದ್ಯುತ್ ಕಾಯ್ದೆಯ 56ನೇ ಕಲಮು ಬಾಕಿ ಉಳಿಸಿಕೊಂಡವರ ಸಂಪರ್ಕ ಕಡಿತದ ಬಗ್ಗೆ ಇದೆ. ಕಡಿತಕ್ಕೆ ಮೊದಲು ಕನಿಷ್ಠ 15 ಪೂರ್ಣ ದಿನಗಳ ಲಿಖಿತ ನೋಟಿಸ್ ಕೊಡಬೇಕು. ಆದರೆ ಗ್ರಾಹಕ ಎರಡರಲ್ಲಿ ಒಂದು ಮೊತ್ತವನ್ನು ‘ಅಂಡರ್ ಪ್ರೊಟೆಸ್ಟ್’ ಠೇವಣಿ ಇಟ್ಟರೆ, ವಿವಾದ ತೀರುವವರೆಗೆ ಸಂಪರ್ಕ ಕಡಿಯುವ ಹಾಗಿಲ್ಲ. ಒಂದು, ಕೇಳಿದಷ್ಟೂ ಹಣ. ಎರಡು, ಹಿಂದಿನ ಆರು ತಿಂಗಳು ಕಟ್ಟಿದ ಬಿಲ್ಲಿನ ಸರಾಸರಿಯಂತೆ ತಿಂಗಳ ಲೆಕ್ಕ. ಇವೆರಡರಲ್ಲಿ ಯಾವುದು ಕಡಿಮೆಯೋ ಅದು.

ಕೊನೆಯ ಆ ಮಾತನ್ನು ಇನ್ನೊಮ್ಮೆ ಓದಿ. ಯಾವುದು ಕಡಿಮೆಯೋ ಅದು.

ಲೆಕ್ಕ ಹಾಕಿ ನೋಡೋಣ. ಒಂದು ಜೆರಾಕ್ಸ್ ಅಂಗಡಿ ಇದೆ ಅಂದುಕೊಳ್ಳಿ. ಆರು ತಿಂಗಳಲ್ಲಿ ಕಟ್ಟಿದ ಬಿಲ್ಲು ರೂ. 1,840, 1,910, 1,780, 2,020, 1,960, 1,890. ಒಟ್ಟು 11,400. ಆರರಿಂದ ಭಾಗಿಸಿದರೆ ತಿಂಗಳಿಗೆ 1,900. ಏಳನೇ ತಿಂಗಳು ದಿಢೀರನೆ ರೂ. 16,400 ಬಂತು. ಅಂಗಡಿಯವರು ಪೂರ್ತಿ 16,400 ಹೊಂದಿಸಿ ಕಟ್ಟುವ ಅಗತ್ಯವಿಲ್ಲ. 1,900 ರೂಪಾಯಿಯನ್ನು ಅಂಡರ್ ಪ್ರೊಟೆಸ್ಟ್ ಕಟ್ಟಿ, ದೂರು ಕೊಟ್ಟು, ಅಂಗಡಿ ನಡೆಸಿಕೊಂಡು ಹೋಗಬಹುದು. ವಿವಾದ ಎಳೆದರೆ ಮುಂದಿನ ತಿಂಗಳುಗಳ ಹಣವನ್ನೂ ತಪ್ಪದೆ ಕಟ್ಟುತ್ತಿರಬೇಕು. ಅದನ್ನೂ ನಿಲ್ಲಿಸಿದರೆ ರಕ್ಷಣೆ ಇಲ್ಲ.

ಪತ್ರ ಬರೆಯುವ ಮೊದಲು ಬಿಲ್ಲನ್ನು ಸರಿಯಾಗಿ ಓದಿ. ಹಿಂದಿನ ರೀಡಿಂಗ್, ಈಗಿನ ರೀಡಿಂಗ್, ಎರಡನ್ನೂ ಮೀಟರಿನ ಜೊತೆ ಹೋಲಿಸಿ. ಮೀಟರಿನ ಫೋಟೊ ತೆಗೆಯಿರಿ, ಸೀರಿಯಲ್ ನಂಬರ್ ಕಾಣುವ ಹಾಗೆ. ಎಷ್ಟೋ ಸಲ ತಪ್ಪು ಅನ್ನಿಸಿದ್ದು ತಪ್ಪಾಗಿರುವುದಿಲ್ಲ. ಬಾಗಿಲು ಹಾಕಿದ್ದರಿಂದ ಎರಡು ತಿಂಗಳು ಸರಾಸರಿ ಬಿಲ್ ಹಾಕಿ, ಮೂರನೇ ತಿಂಗಳು ಒಟ್ಟಿಗೆ ಸೇರಿಸಿರಬಹುದು. ಹೆಚ್ಚುವರಿ ಭದ್ರತಾ ಠೇವಣಿ ಅಂತ ಒಂದು ಸಾಲು ಸೇರಿರಬಹುದು. ಇವು ಕಣ್ಣಿಗೆ ಬಿದ್ದರೆ ಪ್ರೊಟೆಸ್ಟ್ ಮಾಡುವ ಕೆಲಸವೇ ಇರುವುದಿಲ್ಲ.

ಮೀಟರೇ ಕೆಟ್ಟಿದೆ ಅನ್ನಿಸಿದರೆ ಪರೀಕ್ಷೆಗೆ ಲಿಖಿತ ಅರ್ಜಿ ಕೊಡಿ. ಆರ್‌ಆರ್ ನಂಬರ್, ಅಂದರೆ ಬಿಲ್ಲಿನಲ್ಲಿರುವ ನಿಮ್ಮ ಸಂಪರ್ಕದ ಸಂಖ್ಯೆ, ಹಾಕಲು ಮರೆಯಬೇಡಿ. ಮೊದಲ ದೂರು ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರಿಗೆ. ಅಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆಗೆ. ಅದರ ತೀರ್ಪೂ ಒಪ್ಪಿಗೆಯಾಗದಿದ್ದರೆ ವಿದ್ಯುತ್ ಓಂಬುಡ್ಸ್‌ಮನ್‌ಗೆ.

ಹಳೆಯ ಬಾಕಿ ಅಂತ ಬಂದ ಬಿಲ್ಲಿಗೆ 56ನೇ ಕಲಮಿನ ಎರಡನೇ ಉಪಕಲಮು ನೋಡಿ. ಬಾಕಿ ಮೊದಲ ಸಲ ಕಟ್ಟಬೇಕಾದ ದಿನದಿಂದ ಎರಡು ವರ್ಷ ದಾಟಿದ್ದರೆ, ಅದನ್ನು ಬಿಲ್ಲಿನಲ್ಲಿ ಬಾಕಿ ಎಂದು ಸತತವಾಗಿ ತೋರಿಸುತ್ತಾ ಬಂದಿರದಿದ್ದರೆ, ವಸೂಲಿ ಮಾಡುವ ಹಾಗಿಲ್ಲ. ಇದಕ್ಕೆ 2020ರಲ್ಲಿ ಸುಪ್ರೀಂ ಕೋರ್ಟ್ ಅಜ್ಮೀರ್ ವಿದ್ಯುತ್ ನಿಗಮದ ಪ್ರಕರಣದಲ್ಲಿ ಒಂದು ತಿರುವು ಕೊಟ್ಟಿದೆ. ಕಂಪನಿಯ ಕಡೆಯಿಂದ ಲೆಕ್ಕ ತಪ್ಪಾಗಿ ಕಡಿಮೆ ಬಿಲ್ ಆಗಿದ್ದರೆ, ಎರಡು ವರ್ಷದ ನಂತರವೂ ಹೆಚ್ಚುವರಿ ಹಣ ಕೇಳಬಹುದು. ಆದರೆ ಅದಕ್ಕಾಗಿ ಸಂಪರ್ಕ ಕಡಿಯುವಂತಿಲ್ಲ.

ಕರೆಂಟ್ ಕಳವು, ಅನಧಿಕೃತ ಬಳಕೆ ಅಂತ ನೋಟಿಸ್ ಬಂದಿದ್ದರೆ ಈ ದಾರಿಯಲ್ಲ. ಅನಧಿಕೃತ ಬಳಕೆಯ ಅಂತಿಮ ಆದೇಶ ಬಂದ 30 ದಿನದೊಳಗೆ, ಮೊತ್ತದ ಅರ್ಧ ಠೇವಣಿ ಇಟ್ಟು, 127ನೇ ಕಲಮಿನಡಿ ಮೇಲ್ಮನವಿ ಹಾಕಬೇಕು.

ಜಮೀನಿನ ಪರಿಹಾರ: ಎರಡು ಪದ ಬಿಟ್ಟರೆ ದಾರಿಯೇ ಮುಚ್ಚುವ ಜಾಗ

ಬೇರೆ ಕಡೆ ಅಂಡರ್ ಪ್ರೊಟೆಸ್ಟ್ ಬರೆದರೆ ಅನುಕೂಲ. ಭೂಸ್ವಾಧೀನದಲ್ಲಿ ಬರೆಯದಿದ್ದರೆ ನಷ್ಟ. ಈ ಭಾಗವನ್ನು ಊರಿನಲ್ಲಿರುವ ಅಪ್ಪ, ದೊಡ್ಡಪ್ಪ, ಮಾವಂದಿರಿಗೆ ಓದಿ ಹೇಳಿ.

1894ರ ಹಳೆಯ ಭೂಸ್ವಾಧೀನ ಕಾಯ್ದೆಯ 31ನೇ ಕಲಮಿನಲ್ಲೇ ಈ ನಿಯಮ ಇತ್ತು. 2014ರ ಜನವರಿ 1ರಿಂದ ಜಾರಿಯಾದ 2013ರ ಕಾಯ್ದೆಯ 77ನೇ ಕಲಮಿನಲ್ಲೂ ಹಾಗೇ ಉಳಿದಿದೆ. ಪರಿಹಾರ ಸಾಲದು ಅನ್ನುವವರು ಅಂಡರ್ ಪ್ರೊಟೆಸ್ಟ್ ಆಗಿ ಹಣ ಪಡೆಯಬಹುದು. ಹಾಗೆ ಪಡೆಯದವರು, ಅಂದರೆ ಸುಮ್ಮನೆ ಸಹಿ ಹಾಕಿ ಹಣ ತೆಗೆದುಕೊಂಡವರು, ಹೆಚ್ಚಿನ ಪರಿಹಾರಕ್ಕೆ 64ನೇ ಕಲಮಿನ ಅರ್ಜಿ ಹಾಕುವಂತಿಲ್ಲ.

ಹಣ ಕೊಡುವ ದಿನದ ಚಿತ್ರ ಹೀಗಿರುತ್ತದೆ. ವಿಶೇಷ ಭೂಸ್ವಾಧೀನಾಧಿಕಾರಿಯ ಕಚೇರಿ. ಹತ್ತಾರು ಊರಿನವರು ಒಟ್ಟಿಗೆ ಬಂದಿರುತ್ತಾರೆ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ವಂಶವೃಕ್ಷ, ಎಲ್ಲರ ಕೈಯಲ್ಲೂ ಒಂದೊಂದು ಕಟ್ಟು. ಗುಮಾಸ್ತರು ಪುಟ ತಿರುವುತ್ತಾ “ಇಲ್ಲೊಂದು, ಇಲ್ಲೊಂದು, ಇಲ್ಲೊಂದು” ಅಂತ ಬೆರಳು ತೋರಿಸುತ್ತಾರೆ. ಹಿಂದೆ ನಿಂತವರು ಬೇಗ ಬೇಗ ಅನ್ನುತ್ತಿರುತ್ತಾರೆ. ಆ ಪುಟಗಳಲ್ಲಿ ಒಂದರಲ್ಲಿ ‘ಯಾವುದೇ ತಕರಾರಿಲ್ಲದೆ ಒಪ್ಪಿ ಪಡೆದಿರುತ್ತೇನೆ’ ಅನ್ನುವಂಥ ಸಾಲು ಅಚ್ಚಾಗಿರಬಹುದು. ಅಲ್ಲಿ ನಿಲ್ಲಿ. ಕನ್ನಡಕ ಹಾಕಿಕೊಳ್ಳಿ. ಆ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಚಿಕ್ಕ ಸಹಿ ಮಾಡಿ, ಕೆಳಗೆ ‘ಮೊತ್ತ ಸಾಲದು ಎಂಬ ಆಕ್ಷೇಪಣೆಯೊಂದಿಗೆ, ಅಂಡರ್ ಪ್ರೊಟೆಸ್ಟ್ ಪಡೆದಿದ್ದೇನೆ’ ಅಂತ ಬರೆಯಿರಿ. ಬರೆದ ಪುಟದ ಫೋಟೊ ತೆಗೆದುಕೊಳ್ಳಿ. ಹೆಬ್ಬೆಟ್ಟು ಒತ್ತುವವರಿದ್ದರೆ ಜೊತೆಗೆ ಬಂದವರು ಬರೆದು, ಓದಿ ಹೇಳಿ, ಆಮೇಲೆ ಹೆಬ್ಬೆಟ್ಟು ಹಾಕಿಸಲಿ. ಜಮೀನು ಜಂಟಿ ಖಾತೆಯಲ್ಲಿದ್ದರೆ ಅಣ್ಣ ಬರೆದಿದ್ದಾನೆ ಅಂತ ತಮ್ಮ ಬಿಡಬಾರದು. ಸಹಿ ಹಾಕುವ ಪ್ರತಿಯೊಬ್ಬರೂ ಬರೆಯಬೇಕು.

“ಹೀಗೆ ಬರೆದರೆ ಹಣ ಬಿಡುಗಡೆ ಆಗಲ್ಲ” ಅಂತ ಯಾರಾದರೂ ಹೆದರಿಸಿದರೆ 77ನೇ ಕಲಮು ತೋರಿಸಿ. ತಕರಾರಿನ ಸಮೇತ ಪಡೆಯುವುದು ಕಾನೂನು ಕೊಟ್ಟ ಹಕ್ಕು. ಒಂದು ವೇಳೆ ನೀವು ಹಣ ಪಡೆಯಲು ಒಪ್ಪದೇ ಹೋದರೂ ಹಣ ಮಾಯವಾಗುವುದಿಲ್ಲ. ಅಧಿಕಾರಿ ಅದನ್ನು ಭೂಸ್ವಾಧೀನದ ವಿವಾದ ತೀರ್ಮಾನಿಸುವ ಪ್ರಾಧಿಕಾರದಲ್ಲಿ ಠೇವಣಿ ಇಡಬೇಕು.

ಬರೆದಾಯಿತು, ಇನ್ನು ನಿಶ್ಚಿಂತೆ ಅಂತ ಮನೆಗೆ ಹೋಗಿ ಕೂತರೆ ಕೆಲಸ ಕೆಟ್ಟಿತು. 64ನೇ ಕಲಮಿನಡಿ ಜಿಲ್ಲಾಧಿಕಾರಿಗೆ ಲಿಖಿತ ಅರ್ಜಿ ಕೊಡಬೇಕು. ಐತೀರ್ಪು, ಅಂದರೆ ಪರಿಹಾರದ ಮೊತ್ತ ನಿಗದಿ ಮಾಡುವ ಆದೇಶ, ಕೊಟ್ಟಾಗ ನೀವೋ ನಿಮ್ಮ ಪರವಾಗಿ ಯಾರೋ ಹಾಜರಿದ್ದರೆ ಆ ದಿನದಿಂದ ಆರು ವಾರದೊಳಗೆ. ಇಲ್ಲದಿದ್ದರೆ ನೋಟಿಸ್ ತಲುಪಿದ ಆರು ವಾರ ಅಥವಾ ಐತೀರ್ಪಿನಿಂದ ಆರು ತಿಂಗಳು, ಯಾವುದು ಮೊದಲು ಮುಗಿಯುತ್ತದೋ ಅದು. ತಡವಾಗಿದ್ದಕ್ಕೆ ಸರಿಯಾದ ಕಾರಣವಿದ್ದರೆ ಇನ್ನೊಂದು ವರ್ಷದವರೆಗೆ ಅರ್ಜಿ ತೆಗೆದುಕೊಳ್ಳುವ ಅವಕಾಶ ಇದೆ. ಆದರೆ ಅದನ್ನು ನಂಬಿಕೊಂಡು ಕೂರಬೇಡಿ. ಅರ್ಜಿಯಲ್ಲಿ ಅಕ್ಕಪಕ್ಕದ ಜಮೀನಿನ ಕ್ರಯಪತ್ರ, ಬೋರ್‌ವೆಲ್, ತೆಂಗು, ಅಡಿಕೆ, ಮಾವಿನ ಮರಗಳ ಲೆಕ್ಕ, ರಸ್ತೆಗೆ ಎಷ್ಟು ಹತ್ತಿರ, ಎಲ್ಲವೂ ಬರಲಿ. ಪ್ರಾಧಿಕಾರ ಮೊತ್ತ ಹೆಚ್ಚಿಸಿದರೆ, ಹೆಚ್ಚಾದ ಭಾಗಕ್ಕೆ ಜಮೀನು ವಶಪಡಿಸಿಕೊಂಡ ದಿನದಿಂದ ಮೊದಲ ವರ್ಷ ಶೇ. 9, ಆಮೇಲೆ ಶೇ. 15ರ ಬಡ್ಡಿ ಕೊಡಿಸುವ ಅವಕಾಶವಿದೆ. ಒಳ್ಳೆಯ ವಕೀಲರನ್ನು ಹಿಡಿಯಲು ಇದೇ ಸಮಯ.

ಈಗಾಗಲೇ ಬರೆಯದೆ ಸಹಿ ಹಾಕಿದವರ ಗತಿ? ಪೂರ್ತಿ ಕೈಚೆಲ್ಲುವ ಹಾಗಿಲ್ಲ. ಹೆಚ್ಚಿನ ಪರಿಹಾರಕ್ಕೆ ಅರ್ಜಿ ಹಾಕಿದ್ದೇ ಪ್ರತಿಭಟನೆಯ ಸೂಚನೆ ಎಂದು 1994ರಲ್ಲಿ ಪಂಜಾಬಿನ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇನ್ನೊಂದು ಬಾಗಿಲೂ ಇದೆ. ಅದೇ ಅಧಿಸೂಚನೆಯಲ್ಲಿ ಜಮೀನು ಕಳೆದುಕೊಂಡ ನಿಮ್ಮ ಪಕ್ಕದವರಿಗೆ ಹೆಚ್ಚಿನ ಪರಿಹಾರ ಸಿಕ್ಕರೆ, ಆ ಆದೇಶದ ಮೂರು ತಿಂಗಳೊಳಗೆ ನಿಮಗೂ ಅದೇ ದರ ಕೊಡಿ ಅಂತ ಕೇಳಬಹುದು. ಹೊಸ ಕಾಯ್ದೆಯಲ್ಲಿ ಇದು 73ನೇ ಕಲಮು, ಹಳೆಯದರಲ್ಲಿ 28-ಎ. ಹಳೆಯ ಕಲಮಿನ ಅರ್ಜಿಗೆ, ಹಣ ಪಡೆದಾಗ ಪ್ರೊಟೆಸ್ಟ್ ಮಾಡಿದ್ದರೋ ಇಲ್ಲವೋ ಮುಖ್ಯವಲ್ಲ ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಊರಿನಲ್ಲಿ ಯಾರ ಕೇಸು ಎಲ್ಲಿಗೆ ಬಂತು ಅಂತ ವಿಚಾರಿಸುತ್ತಿರಿ.

ರಾಷ್ಟ್ರೀಯ ಹೆದ್ದಾರಿಗೆ ಹೋದ ಜಮೀನಿನ ದಾರಿ ಬೇರೆ. ಅಲ್ಲಿ 1956ರ ಹೆದ್ದಾರಿ ಕಾಯ್ದೆಯಂತೆ ಕೇಂದ್ರ ಸರ್ಕಾರ ನೇಮಿಸಿದ ಮಧ್ಯಸ್ಥಗಾರರ, ಅಂದರೆ ಆರ್ಬಿಟ್ರೇಟರ್ ಮುಂದೆ ಹೋಗಬೇಕು. ಅಲ್ಲೂ ಹಣ ಪಡೆಯುವಾಗ ಆಕ್ಷೇಪಣೆ ಬರೆದಿಡುವುದು ಒಳ್ಳೆಯದು.

ಒಂದು ಎಚ್ಚರಿಕೆ. ದರ ಮಾತಾಡಿ ಒಪ್ಪಂದದ ಐತೀರ್ಪಿಗೆ ಸಹಿ ಹಾಕಿದ್ದರೆ, ಅದರ ಕೆಳಗೆ ಅಂಡರ್ ಪ್ರೊಟೆಸ್ಟ್ ಅಂತ ಬರೆದು ಏನೂ ಪ್ರಯೋಜನವಿಲ್ಲ. ಒಪ್ಪಿದ್ದೇನೆ, ಒಪ್ಪಿಲ್ಲ, ಎರಡೂ ಒಂದೇ ಕಾಗದದಲ್ಲಿ ಕೂರುವುದಿಲ್ಲ ಅಲ್ವಾ?

ವಿಮೆ, ಕೆಲಸ, ಗುತ್ತಿಗೆ

ವಿಮಾ ಕಂಪನಿ ಐದು ಲಕ್ಷದ ಕ್ಲೇಮಿಗೆ ಮೂರು ಲಕ್ಷ ಕೊಟ್ಟು ‘ಪೂರ್ಣ ಮತ್ತು ಅಂತಿಮ’ ಅನ್ನುವ ಡಿಸ್‌ಚಾರ್ಜ್ ವೋಚರಿಗೆ ಸಹಿ ಕೇಳುತ್ತದೆ. ಅಲ್ಲೂ ಬರೆಯಿರಿ. ವೋಚರಿಗೆ ಸಹಿ ಹಾಕಿದ ಮಾತ್ರಕ್ಕೆ ಗ್ರಾಹಕ ಹಕ್ಕು ಕಳೆದುಕೊಳ್ಳುವುದಿಲ್ಲ, ಆದರೆ ಸಹಿ ವಂಚನೆಯಿಂದಲೋ ಒತ್ತಾಯದಿಂದಲೋ ಆದದ್ದು ಎಂದು ತೋರಿಸಬೇಕು ಎಂದು 1999ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ವೋಚರನ್ನು ಪಾಲಿಸಿದಾರರ ಹಕ್ಕಿಗೆ ಬೀಗ ಹಾಕಲು ಬಳಸಬೇಡಿ ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2015ರ ಸೆಪ್ಟೆಂಬರಿನಲ್ಲಿ ಸುತ್ತೋಲೆಯನ್ನೂ ಹೊರಡಿಸಿದೆ. ಗ್ರಾಹಕರ ಆಯೋಗಕ್ಕೆ ಹೋಗಲು ಎರಡು ವರ್ಷ ಸಮಯ.

ಕೆಲಸ ಬಿಡುವಾಗಿನ ಸೆಟಲ್‌ಮೆಂಟ್ ಕಾಗದಕ್ಕೂ, ಗುತ್ತಿಗೆದಾರರ ಕೊನೆಯ ಬಿಲ್ಲಿನ ಜೊತೆ ಬರುವ ‘ಇನ್ನಾವ ಬಾಕಿಯೂ ಇಲ್ಲ’ ಪ್ರಮಾಣಪತ್ರಕ್ಕೂ ಇದೇ ಮಾತು. ಯಾವ ಬಾಬ್ತು ಒಪ್ಪಿಲ್ಲ ಅಂತ ಹೆಸರು ಹಿಡಿದು ಬರೆಯಿರಿ.

ವ್ಯಾಪಾರಿಗಳಿಗೆ: ತೆರಿಗೆ ಕಟ್ಟುವಾಗ

ಕಸ್ಟಮ್ಸ್ ಮತ್ತು ಸೆಂಟ್ರಲ್ ಎಕ್ಸೈಸ್ ಕಾಯ್ದೆಗಳಲ್ಲಿ ಹಣ ವಾಪಸ್ ಕೇಳಲು ಒಂದು ವರ್ಷದ ಗಡುವಿದೆ. ಅಂಡರ್ ಪ್ರೊಟೆಸ್ಟ್ ಕಟ್ಟಿದ್ದರೆ ಆ ಗಡುವು ಅನ್ವಯವಾಗುವುದಿಲ್ಲ ಎಂದು ಕಾಯ್ದೆಯಲ್ಲೇ ಇದೆ. ಹಳೆಯ ಲೆಕ್ಕಿಗರು ಚಲನ್ ಮೇಲೆ ಈ ಪದ ಬರೆಯದೆ ಬಿಡುತ್ತಿರಲಿಲ್ಲ. ಜಿಎಸ್‌ಟಿಯ ಮರುಪಾವತಿ ಕಲಮಿನಲ್ಲಿ ಆ ವಿನಾಯಿತಿ ಇಲ್ಲ. ಅಲ್ಲಿ ಎರಡು ವರ್ಷದ ಗಡುವು. ಹಳೆಯ ಅಭ್ಯಾಸದಲ್ಲಿ ಬರೆದು ನಿದ್ದೆ ಹೋಗಬೇಡಿ.

ಹಾಗಂತ ಜಿಎಸ್‌ಟಿಯಲ್ಲಿ ಬರೆಯುವುದು ವ್ಯರ್ಥ ಅಂತಲೂ ಅಲ್ಲ. ತಪಾಸಣೆ ನಡೆಯುವಾಗ ಡಿಆರ್‌ಸಿ-03, ಅಂದರೆ ತೆರಿಗೆ ತಾವಾಗಿಯೇ ಕಟ್ಟಿದ್ದನ್ನು ತಿಳಿಸುವ ನಮೂನೆಯಲ್ಲಿ ‘ಸ್ವಇಚ್ಛೆಯಿಂದ’ ಕಟ್ಟಿ ಅಂತ ಒತ್ತಾಯಿಸಿದ ದೂರುಗಳು ಬಹಳ ಬಂದವು. ಸ್ವಿಗ್ಗಿ ನಡೆಸುವ ಬೆಂಗಳೂರಿನ ಕಂಪನಿ ತನಿಖೆಯ ವೇಳೆ ಸುಮಾರು 27.5 ಕೋಟಿ ರೂಪಾಯಿ ಕಟ್ಟಿತ್ತು. ಅದು ಸ್ವಇಚ್ಛೆಯ ಪಾವತಿ ಅಲ್ಲ, ವಾಪಸ್ ಕೊಡಿ ಎಂದು ಕರ್ನಾಟಕ ಹೈಕೋರ್ಟ್ 2021ರಲ್ಲಿ ಹೇಳಿತು. 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ತಪಾಸಣೆ ವೇಳೆ ಬಲವಂತದ ವಸೂಲಿ ಬೇಡ ಎಂದು ಅದೇ ವರ್ಷ ಮೇ ತಿಂಗಳಲ್ಲಿ ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯಿಂದ ಸೂಚನೆ ಬಂತು. ಇಂಥ ಕೇಸಿನಲ್ಲಿ ಬೇಗನೆ ಬರೆದ ಪತ್ರ ದೊಡ್ಡ ಸಾಕ್ಷಿ. ಅಧಿಕಾರಿಗಳು ಹೊರಟ ಮರುದಿನವೇ “ಒತ್ತಾಯಕ್ಕೆ ಕಟ್ಟಿದ್ದೇವೆ” ಅಂತ ಇಮೇಲ್ ಹೋಗಿರಬೇಕು.

ಪ್ರೊಟೆಸ್ಟ್ ಪಿಟಿಷನ್ ಬೇರೆ

ಪೊಲೀಸ್ ದೂರು ಕೊಟ್ಟವರ ಬಾಯಲ್ಲಿ ಪ್ರೊಟೆಸ್ಟ್ ಅಂದರೆ ಇನ್ನೊಂದು ಅರ್ಥ. ತನಿಖೆ ಮುಗಿಸಿದ ಪೊಲೀಸರು ಪುರಾವೆ ಸಾಲದು, ದೂರು ಸುಳ್ಳು ಅಂತೆಲ್ಲ ಹೇಳಿ ಪ್ರಕರಣ ಮುಚ್ಚಲು ಕೋರ್ಟಿಗೆ ಕೊಡುವ ವರದಿಗೆ ನಮ್ಮಲ್ಲಿ ‘ಬಿ ರಿಪೋರ್ಟ್’ ಅನ್ನುತ್ತಾರೆ. ಅದನ್ನು ಒಪ್ಪಿಕೊಳ್ಳುವ ಮೊದಲು ಮ್ಯಾಜಿಸ್ಟ್ರೇಟರು ದೂರುದಾರರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕು. ಇದು 1985ರ ಭಗವಂತ್ ಸಿಂಗ್ ತೀರ್ಪಿನಿಂದ ಬಂದ ನಿಯಮ. ನೋಟಿಸ್ ಬಂದಾಗ ದೂರುದಾರರು ಸಲ್ಲಿಸುವ ಆಕ್ಷೇಪಣೆಯೇ ಪ್ರೊಟೆಸ್ಟ್ ಪಿಟಿಷನ್.

ಇಲ್ಲಿ ಎರಡು ಪದ ಸಾಲುವುದಿಲ್ಲ. ಯಾವ ಸಾಕ್ಷಿಯನ್ನು ಪೊಲೀಸರು ವಿಚಾರಿಸಲಿಲ್ಲ, ಯಾವ ಸಿಸಿಟಿವಿ ತೆಗೆದುಕೊಳ್ಳಲಿಲ್ಲ, ಯಾವ ದಾಖಲೆ ಬಿಟ್ಟರು ಅಂತ ಒಂದೊಂದಾಗಿ ಬರೆಯಬೇಕು. ಸಾಕ್ಷಿಗಳ ಪಟ್ಟಿ ಇರಬೇಕು. ಖಾಸಗಿ ದೂರಿನಲ್ಲಿ, ಅಂದರೆ ನೇರವಾಗಿ ಕೋರ್ಟಿಗೇ ಕೊಡುವ ದೂರಿನಲ್ಲಿ, ಇರಬೇಕಾದ ಎಲ್ಲ ಅಂಶ ಇದ್ದರೆ ಮಾತ್ರ ಕೋರ್ಟ್ ಅದನ್ನು ದೂರಾಗಿ ಪರಿಗಣಿಸಿ ಮುಂದುವರಿಸಬಹುದು. ವಕೀಲರಿಲ್ಲದೆ ಇದಕ್ಕೆ ಕೈ ಹಾಕಬೇಡಿ.

ಎಲ್ಲಿ ಬರೆದರೆ ಉಪಯೋಗವಿಲ್ಲ

ಟ್ರಾಫಿಕ್ ದಂಡ. ತಪ್ಪು ಮಾಡಿಲ್ಲ ಅನ್ನುವವರು ದಂಡ ಕಟ್ಟಿ ಅಂಡರ್ ಪ್ರೊಟೆಸ್ಟ್ ಅನ್ನುವುದರಲ್ಲಿ ಅರ್ಥವಿಲ್ಲ. ದಂಡ ಕಟ್ಟಿದರೆ ಪ್ರಕರಣ ರಾಜಿಯಾಗಿ ಅಲ್ಲಿಗೆ ಮುಗಿಯುತ್ತದೆ. ಹೋರಾಡುವುದಿದ್ದರೆ ಕಟ್ಟದೆ ಆಕ್ಷೇಪಣೆ ಕೊಡಿ, ಬೇಕಾದರೆ ಕೋರ್ಟಿಗೆ ಹೋಗಿ.

ಸ್ನೇಹಿತರು, ನೆಂಟರ ಕೈಸಾಲದಲ್ಲೂ ಬೇಡ. ಸಾಲದ ಲೆಕ್ಕ ಬೇರೆಯೇ ಆಗಿದ್ದರೆ ಕೂತು ಲೆಕ್ಕ ಹಾಕಿ, ಹೊಸ ಚೀಟಿ ಬರೆದುಕೊಳ್ಳಿ. ಅಣ್ಣತಮ್ಮಂದಿರ ನಡುವೆ ಈ ಇಂಗ್ಲಿಷ್ ಎರಡು ಪದ ಸುಮ್ನೆ ಮನಸ್ಸು ಕೆಡಿಸುತ್ತವೆ.

ಕೊನೆಯದು ಲಂಚ. ಅದಕ್ಕೆ ರಶೀದಿಯೇ ಇಲ್ಲ, ಇನ್ನು ಎಲ್ಲಿ ಬರೆಯುತ್ತೀರಿ? ಆದರೆ ಕಾನೂನಿನಲ್ಲಿ ಅದಕ್ಕೂ ಒಂದು ಬಗೆಯ ಅಂಡರ್ ಪ್ರೊಟೆಸ್ಟ್ ಇದೆ. 2018ರ ತಿದ್ದುಪಡಿಯ ನಂತರ ಭ್ರಷ್ಟಾಚಾರ ತಡೆ ಕಾಯ್ದೆಯ 8ನೇ ಕಲಮಿನಂತೆ ಲಂಚ ಕೊಡುವುದೂ ಅಪರಾಧ. ಬಲವಂತಕ್ಕೆ ಕೊಟ್ಟವರು ಕೊಟ್ಟ ಏಳು ದಿನದೊಳಗೆ ತನಿಖಾ ಸಂಸ್ಥೆಗೆ ದೂರು ಕೊಟ್ಟರೆ ಅವರಿಗೆ ಆ ಕಲಮು ಅನ್ವಯವಾಗುವುದಿಲ್ಲ. ಕರ್ನಾಟಕದಲ್ಲಿ ಆ ದೂರು ಲೋಕಾಯುಕ್ತ ಪೊಲೀಸರಿಗೆ ಕೊಡಬಹುದು. ಎಂಟನೇ ದಿನ ಹೋದರೆ ಈ ರಕ್ಷಣೆ ಕೇಳಲು ಆಗುವುದಿಲ್ಲ.